ನೀರು ತಿಳಿಯುವ ತನಕ

ಕಳೆದ ತಿಂಗಳು ವಿಜಯಪುರಕ್ಕೆ ಹೋದಾಗ ಸೊಲ್ಲಾಪುರ ರಸ್ತೆಯ ಒಂದು ಕಿರಾಣಿ ಅಂಗಡಿಯಲ್ಲಿ ಪಟಿಕದ ಗಡ್ಡೆ ಕಂಡಿತು. ಅಂಗೈಯಗಲದ್ದು, ಒಂದು ಮೂಲೆ ಮುರಿದಿತ್ತು, ಮೇಲೆ ಜೀರಿಗೆಯ ಧೂಳು ಕೂತಿತ್ತು. ಕೈಗೆತ್ತಿಕೊಂಡವಳೇ ಸೆರಗಿನಿಂದ ಒರೆಸಿ ನಾಲಿಗೆಗೆ ತಾಗಿಸಿದೆ. ಅಂಗಡಿಯವರು ಹೌಹಾರಿದರು.

"ಅಕ್ಕಾರ, ಅದು ಕಲ್ಲಸಕ್ಕರಿ ಅಲ್ರಿ! ದೃಷ್ಟಿ ಆಗಬಾರದಂತ ಬಾಗಲಕ್ಕ ಕಟ್ಟೋದು."

"ಗೊತ್ತೈತ್ರಿ," ಎಂದೆ. ಬಾಯೆಲ್ಲ ಒಗರಾಗಿತ್ತು. ಎಷ್ಟೋ ವರ್ಷಗಳ ಹಿಂದಿನ ಒಗರು... ಅದರ ಬೆನ್ನಿಗೇ ಕಾಕಾ ನೆನಪಾದರು.

ಕಾಕಾ ಎಂದರೆ ನನ್ನ ತಂದೆಯ ತಮ್ಮನೇನಲ್ಲ. ಬಬಲೇಶ್ವರದ ಆಚೆ ಹೊಲಗಳ ನಡುವೆ ಇರುವ ಒಂದು ನೀರು ಶುದ್ಧೀಕರಣ ಘಟಕದ ಆಪರೇಟರ್. ನದಿಯಿಂದ ಕೊಳವೆಯಲ್ಲಿ ಬಂದ ನೀರು ಅಲ್ಲಿ ಶುದ್ಧವಾಗಿ ಸುತ್ತಲಿನ ಊರುಗಳ ನಳಕ್ಕೆ ಹೋಗುತ್ತದೆ. ಆಗ ಪಟಿಕ ಚೀಲಗಟ್ಟಲೆ ಬರುತ್ತಿತ್ತು. ನಾವು ಅದನ್ನು ಆಲಂ ಎನ್ನುತ್ತಿದ್ದೆವು. ಹೊಸ ಚೀಲ ಬಿಚ್ಚಿದಾಗಲೆಲ್ಲ ಕಾಕಾ ಒಂದು ಚೂರು ನಾಲಿಗೆಗೆ ತಾಗಿಸಿ, ಮಾಲು ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡುತ್ತಿದ್ದರು. ಈಗ ಔಷಧ ಡ್ರಮ್ಮಿನಲ್ಲಿ ದ್ರವವಾಗಿ ಬರುತ್ತದೆ. ಅದಕ್ಕೆ ನಾಲಿಗೆ ತಾಗಿಸುವ ಧೈರ್ಯ ನಮಗ್ಯಾರಿಗೂ ಇಲ್ಲ.

ಊರಿನ ಜನರ ಬಾಯಲ್ಲಿ ಅವರು "ನೀರು ಬಿಡಾಂವ". ವಾಲ್ವ್ ತಿರುವುವವನೂ ನೀರು ಬಿಡಾಂವ, ಕೆಸರು ನೀರನ್ನು ಕುಡಿಯುವ ನೀರಾಗಿಸುವವನೂ ನೀರು ಬಿಡಾಂವ. ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯುತ್ತಿತ್ತು, ಕಾಕಾ ಮಾತ್ರ ನಗುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಪ್ರಯೋಗಾಲಯದ ಸಹಾಯಕಿಯಾಗಿ, ಅದೂ ಗುತ್ತಿಗೆಯ ಮೇಲೆ. ಬಿ.ಎಸ್ಸಿ. ಮಾಡಿದ್ದೆ, ಮದುವೆಯಾಗಿ ಬಬಲೇಶ್ವರಕ್ಕೆ ಬಂದಿದ್ದೆ, ಮಗಳು ಸಾಲೆಗೆ ಹೋಗತೊಡಗಿದ್ದಳು. ಮನಸ್ಸೆಲ್ಲ ಇದ್ದದ್ದು ಮೇಷ್ಟರಿಕೆಯ ಮೇಲೆ. ಅದು ಸಿಗುವ ತನಕ ಇದೊಂದು ಇರಲಿ ಎಂದುಕೊಂಡಿದ್ದೆ. ಮೊದಲ ದಿನ ಆಪರೇಟರುಗಳ ಕೋಣೆಗೆ ಹೋದರೆ ಗೋಡೆಗೆ ಸಾಲಾಗಿ ಆರು ಮೊಳೆ. ಆರು ಜನ ಊಟದ ಚೀಲ ತೂಗುಹಾಕಲು ಹೊಡೆದದ್ದಂತೆ. ಒಂದರಲ್ಲಿ ಮಾತ್ರ ಚೀಲವಿತ್ತು. ಉಳಿದವರಲ್ಲಿ ಕೆಲವರು ನಿವೃತ್ತರಾಗಿದ್ದರು, ಕೆಲವರು ವರ್ಗವಾಗಿ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪಂಪು ನೋಡಲು, ಚೀಲ ಹೊರಲು ಇಬ್ಬರು ದಿನಗೂಲಿಯವರಿದ್ದರು. ಆದರೆ ನೀರು ನೋಡಿ, ಇವತ್ತು ಔಷಧ ಇಷ್ಟು ಎಂದು ಹೇಳಬಲ್ಲವರು ಕಾಕಾ ಒಬ್ಬರೇ.

ಅವರು ಹೇಳುತ್ತಿದ್ದ ಬಗೆಯೇ ಬೇರೆ. ಮೇಜಿನ ಮೇಲೆ ಆರು ಗಾಜಿನ ಗ್ಲಾಸು ಇಟ್ಟು, ಎಲ್ಲದರಲ್ಲೂ ಅಂದಿನ ಹಸಿ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಆಲಂ ಹಾಕುವರು. ಬೇವಿನ ಕಡ್ಡಿಯಿಂದ ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ತಿರುವಿ, ಕೈಕಟ್ಟಿ ಕೂತುಬಿಡುವರು. ನೀರೊಳಗಿನ ಮಣ್ಣು ಕೂಡಿಕೊಂಡು ಬಿಳಿ ಬಿಳಿಯಾಗಿ ಅರಳುತ್ತಿತ್ತು. ಅದಕ್ಕೆ ಕಾಕಾ ಇಟ್ಟ ಹೆಸರು ಅಳ್ಳು, ಪಂಚಮಿಗೆ ನಾವು ಹುರಿಯುವ ಜೋಳದ ಅರಳಿನ ಹೆಸರೇ. ಅಳ್ಳು ತಳಕ್ಕೆ ಕೂತ ಮೇಲೆ ಗ್ಲಾಸನ್ನು ಗೋಡೆಯ ಕ್ಯಾಲೆಂಡರಿನ ಮುಂದೆ ಹಿಡಿಯುವರು. ದಿನಾಂಕದ ಕೆಳಗೆ ತಿಥಿ, ಮಳೆಯ ನಕ್ಷತ್ರ ಬರೆದಿರುತ್ತಾರಲ್ಲ, ಆ ಸಣ್ಣ ಅಕ್ಷರ ನೀರಿನೊಳಗಿಂದ ಓದಲು ಬರಬೇಕು. ಯಾವ ಗ್ಲಾಸು ಎಲ್ಲಕ್ಕಿಂತ ಕಡಿಮೆ ಔಷಧದಲ್ಲಿ ತಿಳಿಯಾಯಿತೋ ಅದೇ ಅಂದಿನ ಲೆಕ್ಕ. ಮಬ್ಬು ಅಳೆಯುವ ಯಂತ್ರ ಇತ್ತು, ಆದರೆ ಕೆಟ್ಟು ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು. ರಿಪೇರಿಯವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ...

ನನಗೋ ಹುಟ್ಟಾ ಅವಸರ. ಎರಡು ನಿಮಿಷಕ್ಕೇ ಗ್ಲಾಸು ಎತ್ತಿ ನೋಡುತ್ತಿದ್ದೆ, ಅಳ್ಳೆಲ್ಲ ಒಡೆದು ಮತ್ತೆ ಕದಡುತ್ತಿತ್ತು.

"ತಂಗೀ, ಕೈ ಹಿಂದಕ್ಕ ಕಟ್ಟು," ಎನ್ನುವರು ಕಾಕಾ. "ನೀರಿಗೂ ತಿಳೀಬೇಕು, ನಿನಗೂ ತಿಳೀಬೇಕು. ಎರಡಕ್ಕೂ ಹೊತ್ತು ಹಿಡಿತೈತಿ."

ತಿಳಿಯುವುದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಇದೆಯೆಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಕಾಕಾನ ಮಟ್ಟಿಗೆ ಅದು ಎರಡಲ್ಲ, ಒಂದೇ ಕೆಲಸ.

ಎರಡು ವರ್ಷ ಹೀಗೇ ಕಳೆಯಿತು. ಆ ವರ್ಷದ ಬೇಸಿಗೆಯಲ್ಲಿ ನನಗೆ ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೆ. ಕಾಕಾನ ಮುಖ ನೋಡಿ ಕೊಡಲು ಮನಸ್ಸು ಬರಲಿಲ್ಲ. ಸೋಮವಾರ ಕೊಡೋಣ, ಗುರುವಾರ ಕೊಡೋಣ ಎಂದು ದಿನ ದೂಡುತ್ತಿದ್ದೆ. ಆಗಲೇ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ನನ್ನನ್ನು ತಡೆದು ನಿಲ್ಲಿಸಿದ.

"ಅಕ್ಕಾರ, ಎಂಟ್ ದಿನ ಆತ್ರಿ, ನಿಮ್ಮ ನೀರಾಗ ಚಹಾ ಇಟ್ರ ಹಾಲು ಒಡಿಯಾಕತ್ತೈತಿ. ನೋಡಾಕ ನೀರು ಸ್ವಚ್ಛ ಐತಿ. ಬಾಯಾಗ ಹಾಕ್ಕೊಂಡ್ರ ಒಗರು ಬಡಿತೈತಿ."

ಆಲಂ ಹೆಚ್ಚಾದರೆ ನೀರು ಹುಳಿಯಾಗುತ್ತದೆ, ಅಷ್ಟು ರಸಾಯನಶಾಸ್ತ್ರ ನನಗೆ ಗೊತ್ತಿತ್ತು. ಆದರೆ ಕಾಕಾ ಲೆಕ್ಕ ತಪ್ಪುವುದೆಂದರೇನು? ಘಟಕಕ್ಕೆ ಹೋದಾಗ ಅವರು ಗ್ಲಾಸನ್ನು ಕ್ಯಾಲೆಂಡರಿಗೆ ಹಿಡಿದು ನಿಂತಿದ್ದರು.

"ಇನ್ನೂ ಮಬ್ಬ ಐತಿ ತಂಗೀ. ಇನ್ನ ಅರ್ಧ ಚೀಲ ಹಾಕಸು."

ಅವರ ಹೆಗಲ ಹಿಂದಿನಿಂದ ನಾನು ನೋಡಿದೆ. ನೀರಿನೊಳಗಿಂದ ಏಕಾದಶಿ ಎಂಬ ಸಣ್ಣ ಅಕ್ಷರ ನನಗೆ ನಿಚ್ಚಳವಾಗಿ ಕಾಣುತ್ತಿತ್ತು.

ಆಗ ನಾನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳದೆ, ನನ್ನ ಚೀಲದಲ್ಲಿದ್ದ ಬಾಟಲಿ ನೀರನ್ನು ಇನ್ನೊಂದು ಗ್ಲಾಸಿಗೆ ಸುರಿದು ಅವರ ಕೈಗೆ ಕೊಟ್ಟೆ.

"ಇದು ಹೆಂಗೈತಿ ನೋಡ್ರಿ ಕಾಕಾ?"

ಅವರು ಅದನ್ನೂ ಕ್ಯಾಲೆಂಡರಿಗೆ ಹಿಡಿದರು. ಕತ್ತು ಆಚೆ ಈಚೆ ಹೊರಳಿಸಿದರು.

"ಇದೂ ಮಬ್ಬ ಐತಿ. ಎಲ್ಲೀದಿದು?"

"ಬಸ್‌ಸ್ಟ್ಯಾಂಡಿನ್ಯಾಗ ತಗೊಂಡ ಬಾಟ್ಲಿ ನೀರ್ರಿ."

ಕಾಕಾ ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆಲಂ ಚೀಲದ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನ್ನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಪೊರೆ ಬಂದದ್ದು ಕಾಕಾನ ಕಣ್ಣಿಗೆ, ಔಷಧ ಬೀಳುತ್ತಿದ್ದದ್ದು ನೀರಿಗೆ.

"ಆರ್ ತಿಂಗಳಾತು ತಂಗೀ," ಎಂದರು. "ಎಡಗಣ್ಣಾಗ ಏನೂ ಕಾಣಂಗಿಲ್ಲ. ಬಲಗಣ್ಣಾಗ ಬರೇ ಮಂಜು. ಪೊರಿ ಹಣ್ಣಾಗೇತಿ, ಇನ್ನ ತಡಾ ಮಾಡಿದ್ರ ಕಣ್ಣ ಹೋಗತಾವ ಅಂದಾರ ಡಾಕ್ಟ್ರು."

"ಮತ್ತ ಯಾಕ ಸುಮ್ಮ ಕುಂತೀರಿ? ರಜಾ ಹಾಕಿ ಆಪರೇಶನ್ ಮಾಡಿಸ್ಕೋಬಾರದೇನ್ರಿ?"

"ಬೇಡಿದ್ನಿ. ನಿಮ್ಮ ಜಾಗಾದಾಗ ಯಾರನರ ನಿಂದ್ರಿಸಿ ಹೋಗ್ರಿ ಅಂದ್ರು ಸಾಹೇಬ್ರು. ಅವರದೂ ತಪ್ಪಲ್ಲ. ಯಾರನ್ನ ನಿಂದ್ರಸ್ಲಿ ಹೇಳು?"

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ರಾಜೀನಾಮೆ ತೆಗೆದು ಅವರ ಕೈಗಿಟ್ಟೇ ಬಿಡುತ್ತಿದ್ದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಕಾನ ಮೇಲೆ, ಸಾಹೇಬರ ಮೇಲೆ, ಇಷ್ಟು ಊರುಗಳಿಗೆ ಕುಡಿಯುವ ನೀರು ಕೊಡುವ ಕೆಲಸಕ್ಕೆ ಒಂದೇ ಜೋಡಿ ಕಣ್ಣು ಇಟ್ಟವರೆಲ್ಲರ ಮೇಲೆ. ಸಿಟ್ಟಿನಲ್ಲೇ ಆಲಂ ಕಡಿಮೆ ಹಾಕಲು ದಿನಗೂಲಿಯವರಿಗೆ ಹೇಳಿ, ಸಿಟ್ಟಿನಲ್ಲೇ ಮನೆಗೆ ಹೋಗಿ ಮಗಳ ಮೇಲೆ ರೇಗಿದೆ. ಮರುದಿನ ಶಾಲೆಗೆ ಫೋನ್ ಮಾಡಿ, ಬರುವುದು ಸ್ವಲ್ಪ ತಡವಾಗುತ್ತದೆ, ಶಾಲೆ ಶುರುವಾದ ಮೇಲೂ ಕೆಲವು ದಿನ ಕಾಯಬೇಕು ಎಂದೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಬಳಿಕ ನಮ್ಮ ಇಂಜಿನಿಯರ್ ಸಾಹೇಬರ ಎದುರು ನಿಂತು, ಕಾಕಾನ ಜಾಗದಲ್ಲಿ ನಾನಿರುತ್ತೇನೆ ಎಂದೆ.

"ನಿಮ್ಮ ಕಡಿಂದ ಆಗತೈತೇನ್ರಿ ಬಾಯಾರ?" ಎಂದು ಕೇಳಿದರು ಅವರು.

"ಆಗತೈತ್ರಿ," ಎಂದು ಸುಳ್ಳು ಹೇಳಿದೆ.

ಅಂದಿನಿಂದ ಕಾಕಾ ನನ್ನನ್ನು ಹಿಡಿದು ಅರೆದರು. ಬೆಳಿಗ್ಗೆ ಆರು ಗ್ಲಾಸು, ಮಧ್ಯಾಹ್ನ ಆರು ಗ್ಲಾಸು. ಮರಳಿನ ಶೋಧಕ ಕಟ್ಟಿಕೊಂಡಾಗ ತಳದಿಂದ ನೀರು ನುಗ್ಗಿಸಿ ತೊಳೆಯುವುದಕ್ಕೆ ಅವರು "ಉಸುಕಿಗೆ ಜಳಕ" ಎನ್ನುತ್ತಿದ್ದರು. ಯಾವಾಗ ಜಳಕ, ಎಷ್ಟು ಹೊತ್ತು ಜಳಕ ಎಲ್ಲ ಕಲಿಸಿದರು. ತಮ್ಮ ಕಣ್ಣಿಗೆ ಕಾಣದ್ದನ್ನು ನನ್ನ ಬಾಯಿಂದ ಕೇಳುವರು. "ಹೆಂಗ ಕಾಣತೈತಿ ಹೇಳು. ಛಲೋ ಐತಿ ಅನಬ್ಯಾಡ. ಹೆಂಗ ಐತಿ ಹೇಳು." ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗ. ಒಂದು ವಿಷಯ ಮಾತ್ರ ಕಲಿಸಲು ಆಗಲಿಲ್ಲ. ಮಳೆಗಾಲದಲ್ಲಿ ನದಿಗೆ ಬರುವ ಹೊಸ ನೀರಿನ ಸಂಗತಿ. ಹಿಂದಿನ ಮಳೆಗಾಲಗಳಲ್ಲಿ ಅದನ್ನು ಅವರೇ ನೋಡಿಕೊಂಡಿದ್ದರು, ಮೇಷ್ಟರಿಕೆಯ ಕನಸಿನಲ್ಲಿದ್ದ ನಾನು ಗಮನ ಕೊಟ್ಟಿರಲಿಲ್ಲ. ಅದು ಬಂದಾಗಲೇ ಕಲಿಯಬೇಕು ಎಂದರು. ಅದು ಬರುವುದರೊಳಗೆ ತಾವು ವಾಪಸು ಬಂದಿರುವುದಾಗಿಯೂ ಹೇಳಿ, ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದುಕೊಂಡು ವಿಜಯಪುರದ ಆಸ್ಪತ್ರೆಗೆ ಹೋದರು.

ನದಿಗೆ ಕಾಕಾನ ರಜೆಯ ಲೆಕ್ಕ ಗೊತ್ತಿರಬೇಕಲ್ಲ! ಅವರ ಕಣ್ಣಿಗೆ ಆಪರೇಶನ್ ಆದ ಮರುದಿನವೇ ಮೇಲಿನಿಂದ ಹೊಸ ನೀರು ಬಂತು.

ಬೆಳಿಗ್ಗೆ ಬಂದು ನೋಡಿದರೆ ತೊಟ್ಟಿಯ ತುಂಬ ಗೋಧಿ ಹುಗ್ಗಿಯ ಬಣ್ಣ. ಆರು ಗ್ಲಾಸು ಇಟ್ಟೆ. ಒಂದೂ ತಿಳಿಯಾಗಲಿಲ್ಲ. ಆಲಂ ಹೆಚ್ಚಿಸಿ ಮತ್ತೆ ಆರು. ಇಲ್ಲ. ಇನ್ನೂ ಹೆಚ್ಚಿಸಿದೆ. ನೀರು ಹಿಟ್ಟು ಕದಡಿದ ಹಾಗೆ ನಿಂತೇ ಇತ್ತು. ಊರುಗಳ ಮೇಲ್ತೊಟ್ಟಿಗಳು ಹಿಂದಿನ ದಿನವೇ ಖಾಲಿಯಾಗಿದ್ದವು. ಹೀಗೇ ಬಿಟ್ಟರೆ ಮನೆಮನೆಯಲ್ಲಿ ವಾಂತಿಭೇದಿ, ಬಿಡದಿದ್ದರೆ ಕುಡಿಯಲು ಹನಿ ನೀರಿಲ್ಲ. ದಿನಗೂಲಿಯವರು ನನ್ನ ಮುಖ ನೋಡುತ್ತ ನಿಂತಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಮನುಷ್ಯನಿಗೆ ಫೋನ್ ಮಾಡಬಾರದು ಎಂದುಕೊಂಡೇ ಮಾಡಿದೆ.

ಎತ್ತಿದವರು ಕಾಕು. "ಯವ್ವಾ, ಅವರು ಅಳಗ್ಯಾಡಬಾರದು ಅಂದಾರ ಡಾಕ್ಟ್ರು. ಏನ್ ಬೇಕಾಗಿತ್ತು?"

ಹಿಂದಿನಿಂದ ಕಾಕಾನ ದನಿ ಕೇಳಿಸಿತು. "ಹೊಸ ನೀರ ಬಂತೇನು? ಕಿವಿಗೆ ಹಿಡಿ ಇಲ್ಲೆ."

ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಆಲಂ ಎಷ್ಟು ಎಂದು ಕೇಳಿದರು, ಹೇಳಿದೆ.

"ಅಳ್ಳು ಆಗ್ಯಾವೇನು?"

"ಒಂದೂ ಇಲ್ರಿ ಕಾಕಾ."

"ಸುಣ್ಣಾ ಹಾಕೀಯೇನು?"

"ಸುಣ್ಣಾ ಯಾತಕ್ರಿ?"

"ಹುಚ್ಚಿ! ಎಲಿ ಅಡಿಕಿ ಎಷ್ಟ ತುರುಕ್ಕೊಂಡ್ರೂ ಸುಣ್ಣಾ ಹಚ್ಚದ ಬಾಯಿ ಕೆಂಪ ಆಗತೈತೇನು? ಹೊಸ ನೀರಿನ್ಯಾಗ ಸುಣ್ಣದ ಗುಣಾ ಕಮ್ಮಿ ಇರತೈತಿ. ಆಲಂ ಅರ್ಧಕ್ಕ ಇಳಸು. ಮೊದಲ ಸುಣ್ಣದ ತಿಳಿ, ಆಮ್ಯಾಲ ಆಲಂ. ತಿರುವಿ ಕೈ ಕಟಗೊಂಡು ಕುಂದ್ರು. ಫೋನ್ ಇಡಬ್ಯಾಡ."

ಹೇಳಿದ ಹಾಗೆ ಮಾಡಿದೆ. ಫೋನನ್ನು ಗ್ಲಾಸುಗಳ ಪಕ್ಕದಲ್ಲಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಕಾಣದ ಕಾಕಾ ಅಲ್ಲಿ, ಕಾಣುವ ನಾನು ಇಲ್ಲಿ, ನಡುವೆ ಆರು ಗ್ಲಾಸು ಕೆಸರು. ಆ ಕೆಲವು ನಿಮಿಷ ಎಷ್ಟು ಉದ್ದವಿದ್ದವು...

"ಏನರ ಕಾಣತೈತೇನು?"

"ಸಣ್ಣಸಣ್ಣವು ಕಾಣಾಕತ್ತಾವ್ರಿ, ಮೂರನೇ ಗ್ಲಾಸಿನ್ಯಾಗ."

"ಎಷ್ಟ ಸಣ್ಣವು? ರವಾದಷ್ಟೋ, ಜ್ವಾಳದಷ್ಟೋ?"

"ರವಾದಷ್ಟು."

"ತಡಿ."

ತಡೆದೆ. ರವೆಯಂಥವು ಒಂದಕ್ಕೊಂದು ಅಂಟಿದವು. ಜೋಳದಷ್ಟಾದವು. ಆಮೇಲೆ ಅರಳಿದವು, ನಿಜವಾಗಿಯೂ ಅಳ್ಳಿನ ಹಾಗೆ, ಮತ್ತು ಮೆಲ್ಲಗೆ ತಳಕ್ಕೆ ಇಳಿಯತೊಡಗಿದವು.

"ಅಳ್ಳು ಆದೂರಿ ಕಾಕಾ! ಕುಂದ್ರಾಕತ್ತಾವ್ರಿ!"

"ಕ್ಯಾಲೆಂಡರ್ ಓದು."

ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ದಿನ. ನೀರಿನೊಳಗಿಂದ ಅದನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಅತ್ತ ಕಡೆಯಿಂದ ಕಾಕು ಗದರಿದ್ದು ಕೇಳಿಸಿತು: "ಅಳಬ್ಯಾಡ್ರಿ, ಕಣ್ಣಿಗೆ ಹಸಿ ಗಾಯ ಐತಿ!" ಮಧ್ಯಾಹ್ನದ ಹೊತ್ತಿಗೆ ಬಬಲೇಶ್ವರಕ್ಕೂ ಆಚೆಯ ಹಳ್ಳಿಗಳಿಗೂ ನೀರು ಹೋಯಿತು.

ರಾಜೀನಾಮೆ ಕೊಡಲಿಲ್ಲ. ಶಾಲೆಯವರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ತ್ಯಾಗ ಗೀಗ ಏನಲ್ಲ, ಯಾರೂ ಹಾಗೆ ತಿಳಿಯಬಾರದು. ಆ ಮೂರನೇ ಗ್ಲಾಸಿನಲ್ಲಿ ಅಳ್ಳು ಅರಳಿದ್ದನ್ನು ನೋಡಿದ ಮೇಲೆ ಬೇರೆ ಕೆಲಸದ ಮೇಲೆ ಮನಸ್ಸೇ ಹೋಗಲಿಲ್ಲ. ಅಷ್ಟೇ.

ಪಟ್ಟಿ ಬಿಚ್ಚಿಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಕಾಕಾ ಘಟಕಕ್ಕೆ ಬಂದ ದಿನ ಮೊದಲು ನೋಡಿದ್ದು ನೀರನ್ನಲ್ಲ, ನನ್ನನ್ನು.

"ಏ ತಂಗೀ, ನಿನ್ನ ತಲ್ಯಾಗ ಇಷ್ಟ ಬಿಳಿಕೂದಲ ಅದಾವೇನು? ನಾ ನಿನ್ನ ಸಣ್ಣ ಹುಡಿಗಿ ಅಂತ ತಿಳದಿದ್ನಿ."

"ನಿಮ್ಮ ಹೊಸ ನೀರ ಮಾಡಿದ್ದ್ರಿ ಅದು," ಎಂದೆ.

ಇನ್ನೊಂದು ಕಣ್ಣಿನ ಆಪರೇಶನ್‌ಗೆ ಅವರು ಸಾಹೇಬರನ್ನು ಬೇಡಬೇಕಾಗಲಿಲ್ಲ. ನಿವೃತ್ತರಾಗಿ ಕಾಖಂಡಕಿಯ ಮನೆಗೆ ಹೋದ ಮೇಲೂ ನಮ್ಮ ನೀರೇ ಅವರ ನಳಕ್ಕೆ ಹೋಗುತ್ತಿತ್ತು. ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಫೋನ್ ಬರುವುದು. "ಇವತ್ತ ಸ್ವಲ್ಪ ಒಗರು ಐತಿ ನೋಡು." ಹೆಚ್ಚಿನ ದಿನ ಒಗರು ಇರುತ್ತಿರಲಿಲ್ಲ, ಅವರಿಗೆ ಮಾತಾಡಬೇಕಾಗಿರುತ್ತಿತ್ತು.

ಜನ ಸಾಲದ ಕಥೆ ಇಂದಿಗೂ ಮುಗಿದಿಲ್ಲ. ನಮ್ಮ ಕಡೆಯ ಎಷ್ಟೋ ಘಟಕಗಳಲ್ಲಿ ಇವತ್ತೂ ಒಬ್ಬೊಬ್ಬರೇ ಇದ್ದಾರೆ. ಈ ಕೆಲಸ ಒಂದಿದೆ ಎಂದೇ ಓದಿದ ಮಕ್ಕಳಿಗೆ ಗೊತ್ತಿರುವುದಿಲ್ಲ. ಅದಕ್ಕೆ ಕಾಕಾನೇ ಒಂದು ಉಪಾಯ ಹೇಳಿದ್ದರು: ಕಾಲೇಜಿನವರನ್ನು ಕರೆದು ಗ್ಲಾಸು ಇಟ್ಟು ತೋರಿಸು. ಕರೆದೆ. ಅವರೂ ಕಾಖಂಡಕಿಯಿಂದ ಜೀಪು ಹತ್ತಿ ಬಂದು ಮೂಲೆಯಲ್ಲಿ ಕೂರುವರು. ಯಾರು ಜಾಣರು ಎಂದು ಅವರು ನೋಡುತ್ತಿರಲಿಲ್ಲ. ಯಾರ ಕೈ ಸುಮ್ಮನಿರುತ್ತದೆ ಎಂದು ನೋಡುತ್ತಿದ್ದರು. ಒಂದು ಸಲ ಟಿಕೋಟಾದಿಂದ ಬಂದಿದ್ದ ಹುಡುಗಿಯೊಬ್ಬಳು ಗ್ಲಾಸಿನ ಮುಂದೆ ಹತ್ತು ನಿಮಿಷ ಮಿಸುಕಾಡದೆ ನಿಂತಳು. "ಈಕಿ ಆಗತಾಳ," ಎಂದರು ಕಾಕಾ. ತರಬೇತಿ ಮುಗಿಸಿ ಆಕೆ ನಮ್ಮಲ್ಲಿಗೇ ಬಂದಳು. ಈ ವರ್ಷ ಇನ್ನಿಬ್ಬರು ಬಂದಿದ್ದಾರೆ. ಆಕೆ ಕೆಲಸಕ್ಕೆ ಸೇರಿದ್ದನ್ನು ಕಾಕಾ ನೋಡಲಿಲ್ಲ. ಅದಕ್ಕೂ ಮೊದಲಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನೀರು ಬಿಟ್ಟೆ, ಫೋನ್ ಬರಲಿಲ್ಲ... ಸಂಜೆ ಕಾಕುವೇ ಮಾಡಿದರು.

ಆ ಕಿರಾಣಿ ಅಂಗಡಿಯಿಂದ ಬಂದ ವಾರ ನಾನು ಒಂದು ದಿನದ ರಜೆ ಹಾಕಿದೆ. ಮದುವೆಯಿಲ್ಲ, ಮುಂಜಿಯಿಲ್ಲ, ಮನೆಯಲ್ಲಿ ಯಾರಿಗೂ ಮೈಯಲ್ಲಿ ಹುಷಾರಿಲ್ಲದ್ದೂ ಇಲ್ಲ. ಈಗಿನ ಸಾಹೇಬರು ಅರ್ಜಿ ಓದಿ ತಲೆಯೆತ್ತಿದರು.

"ಕಾರಣಾ ಬರದೇ ಇಲ್ಲಲ್ರೀ?"

"ಕಾರಣಾ ಏನಿಲ್ರಿ. ಸುಮ್ಮ ಮನ್ಯಾಗ ಇರತೀನಿ."

ಅವರು ನಕ್ಕು ಸಹಿ ಹಾಕಿದರು. ನನ್ನ ಜಾಗದಲ್ಲಿ ಯಾರು ಎಂದು ಕೇಳಲೇ ಇಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

ಅಂದು ಬೆಳಿಗ್ಗೆ ಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ನದಿ ಕೆಂಪಾಗಿ ಬರುತ್ತಿದ್ದ ದಿನಗಳು ಅವು. ಫೋನ್ ಕಡೆ ನಾಲ್ಕು ಸಲ ನೋಡಿದೆ, ಅದು ಬಡಿದುಕೊಳ್ಳಲಿಲ್ಲ. ಹೊತ್ತಿಗೆ ಸರಿಯಾಗಿ ಓಣಿಯಲ್ಲಿ ಕೊಡಗಳ ಸದ್ದಾಯಿತು, ನಮ್ಮ ನಳವೂ ಬಂತು. ಒಂದು ಗ್ಲಾಸು ಹಿಡಿದು ಕುಡಿದೆ.

ನೀರು ಚೆನ್ನಾಗಿತ್ತು. ನಾನಿಲ್ಲದೆಯೂ ಚೆನ್ನಾಗಿತ್ತು. ಇದೊಂದು ಮಾತನ್ನು ಹೇಳಲು ಆಗುವ ದಿನಕ್ಕಾಗಿ ಕಾಕಾ ತಮ್ಮ ನೌಕರಿಯ ಉದ್ದಕ್ಕೂ ಕಾದಿದ್ದರು, ತಮ್ಮ ಕಣ್ಣನ್ನೂ ಪಣಕ್ಕಿಟ್ಟು ಕಾದಿದ್ದರು. ಈಗ ನಾನು ಅದನ್ನು ಯಾರಿಗೆ ಹೇಳಬೇಕೋ ಅವರಿಲ್ಲ. ಟಿಕೋಟಾದ ಹುಡುಗಿಗೆ ಫೋನ್ ಹಚ್ಚಿ, "ಛಲೋ ಆಗೇತಿ ನೀರು," ಎಂದೆ.

"ಹೌದಲ್ರೀ ಅಕ್ಕಾರ?" ಎಂದಳು ಆಕೆ, "ಹಂಗಂದ್ರ ನಾಳೀನೂ ಮನ್ಯಾಗ ಇರ್ರಿ."